ಹಕ್ಕಿ ಲಾರಿ

ಭೂತಪ್ಪನ ಬಾಯಲ್ಲಿ 'ಹ' ಇರಲಿಲ್ಲ. ಹಸು ಅವನಿಗೆ ಅಸು, ಹಾಲು ಆಲು, ಹೆಂಡತಿ ಎಂಡ್ತಿ. ತರೀಕೆರೆ ಕಡೆಯ ಹಳ್ಳಿಯಿಂದ ಬಂದು ಭದ್ರಾವತಿಯಲ್ಲಿ ಪೊಲೀಸ್ ಪೇದೆಯಾಗಿದ್ದವನು. ಪೊಲೀಸ್ ಲೈನಿನ ಅರ್ಧ ಮಂದಿ ಹಾಗೇ ಮಾತಾಡುತ್ತಿದ್ದುದರಿಂದ ಅದೊಂದು ಊನವೆಂದು ಯಾರಿಗೂ ಅನ್ನಿಸಿರಲಿಲ್ಲ. ಅನ್ನಿಸಿದ್ದು ಅವನ ಹೆಂಡತಿ ಮಾಸ್ತಮ್ಮನಿಗೆ ಮಾತ್ರ. ಅವಳ ತಾಯಿ ಶಿವಮೊಗ್ಗದಲ್ಲಿ ಒಬ್ಬ ಮೇಷ್ಟರ ಮನೆಯಲ್ಲಿ ಮುಸುರೆ ತಿಕ್ಕುತ್ತಿದ್ದಳು. ಆ ಮನೆಯ ಹಿತ್ತಿಲಲ್ಲಿ ಆಡಿಕೊಂಡು ಬೆಳೆದ ಮಾಸ್ತಮ್ಮನ ನಾಲಿಗೆಗೆ ಮೇಷ್ಟರ ಮಕ್ಕಳ ಮಾತು ಅಂಟಿಕೊಂಡಿತ್ತು. ಮದುವೆಯಾದ ಹೊಸತರಲ್ಲಿ ಗಂಡನನ್ನು ಕಾಡಿಸುವುದಕ್ಕೆ ಅವಳಿಗೆ ಬೇರೆ ವಿಷಯವೇ ಬೇಕಾಗಿರಲಿಲ್ಲ.

"ಎಲ್ಲಿ, ಹಾವು ಅನ್ನಿ ನೋಡಾಣ."

"ಆವು."

"ಹಾ... ಹಾವು."

"ಯಾವ್ದಾದ್ರೇನೇ ಮಾರಾಯ್ತಿ, ಕಚ್ಚಿದ್ರೆ ಸಾಯಲ್ವಾ?"

ಒಂದು ಸಲ ಇಬ್ಬರೂ ಸಂತೆಗೆ ಹೋಗಿದ್ದಾಗ ಹಗ್ಗ ಕಿತ್ತುಕೊಂಡ ಹೋರಿಯೊಂದು ಜನದ ನಡುವೆ ನುಗ್ಗಿ ಬಂತು. ಮಾಸ್ತಮ್ಮ ಎದೆಯೊಡೆದು "ಓಡೀ... ಓಡೀ..." ಎಂದು ಕೂಗಿಕೊಂಡಳು. ಭೂತಪ್ಪ ಓಡುವ ಬದಲು ತಿರುಗಿ ನಿಂತು ಕೈಯಲ್ಲಿದ್ದ ಲಾಠಿಯಿಂದ ಹೋರಿಯ ಮೂತಿಗೆ ಬಾರಿಸಿದ. ಅದು ದಿಕ್ಕು ತಪ್ಪಿ ಬಳೆಗಾರನ ಹಾಸಿನ ಮೇಲೆ ಹಾಯ್ದು ಹೋಯಿತು.

"ನೀನೇ ಅಲ್ವೇನೇ ಒಡೀ ಒಡೀ ಅಂತ ಬಡ್ಕೊಂಡಿದ್ದು?"

"ಓಡಿ ಅಂದೆ ಕಣ್ರೀ, ಓಡಿ!"

"ಅದೇ ಮತ್ತೆ. ಒಡಿ."

ಕೂಗಿ ಹೇಳಿದರೆ ಓಡುವುದೂ ಹೊಡೆಯುವುದೂ ಅವನ ಕಿವಿಗೆ ಒಂದೇ ಆಗಿತ್ತು. ನಲ್ಲಿಯ ಹತ್ತಿರ ನೀರಿಗೆ ಸಾಲು ನಿಂತಾಗೆಲ್ಲ ಮಾಸ್ತಮ್ಮ ಈ ಕಥೆ ಹೇಳಿ ಹೆಂಗಸರನ್ನು ನಗಿಸುತ್ತಿದ್ದಳು.

ಆಮೇಲೆ ಅಕ್ಕಿಗೆ ಬರ ಬಂದ ವರ್ಷ ಬಂತು. ರೇಷನ್ ಅಂಗಡಿಯಲ್ಲಿ ಅಮೆರಿಕದ ಕೆಂಪು ಜೋಳ ಕೊಡುತ್ತಿದ್ದರು, ಅದನ್ನು ಬೇಯಿಸಿದರೆ ಮನೆಯೆಲ್ಲ ಹಳೇ ಚೀಲದ ವಾಸನೆ. ಅಂಥ ದಿನಗಳಲ್ಲಿ ಒಬ್ಬ ಮಂಡಿ ಸಾಹುಕಾರನ ಗೋದಾಮಿನಿಂದ ಅಕ್ಕಿ ತುಂಬಿದ ಲಾರಿ ಹೊರ ಊರಿಗೆ ಹೊರಟಿದೆಯೆಂಬ ಸುದ್ದಿ ಹಬ್ಬಿತು. ಸಂಜೆ ಕೆಲಸ ಬಿಟ್ಟ ಕೂಲಿ ಜನ, ಹೆಂಗಸರು, ಚೀಲ ಹಿಡಿದುಕೊಂಡವರು, ಎಲ್ಲ ಹೋಗಿ ಲಾರಿಯ ಮುಂದೆ ಕೂತರು. ಸಬ್‌ಇನ್‌ಸ್ಪೆಕ್ಟರ್ ಷಡಕ್ಷರಪ್ಪನವರು ಬಂದೋಬಸ್ತಿಗೆ ಹೋದರು. ಕೆಲವರ ಕೈಗೆ ಲಾಠಿ ಕೊಟ್ಟಿದ್ದರು, ಕೆಲವರ ಕೈಗೆ ತುಂಬಿದ ಬಂದೂಕು. ಭೂತಪ್ಪನ ಕೈಗೆ ಬಂದದ್ದು ಬಂದೂಕು. ಕಲ್ಲು ಬಿದ್ದವು. ಲಾರಿಯ ಗಾಜು ಒಡೆಯಿತು. ಸಾಹೇಬರು ಏನೋ ಕೂಗಿದರು. ಭೂತಪ್ಪ ಗುಂಡು ಹಾರಿಸಿದ. ಧರ್ಮಪ್ಪ ಎಂಬ ಕೂಲಿಯವನು ಅಲ್ಲೇ ಸತ್ತ.

ಮಾರನೆಯ ದಿನವೇ ಪೊಲೀಸ್ ಲೈನಿನ ಗೋಡೆಯ ಮೇಲೆ ಡಾಂಬರಿನಲ್ಲಿ 'ಕೊಲೆಗಡುಕ ಪೊಲೀಸರಿಗೆ ಧಿಕ್ಕಾರ' ಎಂದು ಬರೆದಿತ್ತು. ಪತ್ರಿಕೆಗಳು ದಿನವೂ ಬರೆದವು. ಕ್ಷೌರದವನು ಲೈನಿಗೆ ಬರುವುದನ್ನು ಬಿಟ್ಟ. ಹೂವಿನವಳು ಮುಖ ತಿರುಗಿಸಿಕೊಂಡು ಹೋದಳು. ಭೂತಪ್ಪನನ್ನು ಅಮಾನತಿನಲ್ಲಿ ಇಟ್ಟಿದ್ದರು. ಲೈನಿನ ಹೆಂಗಸರೂ ನಿಧಾನವಾಗಿ ಮಾಸ್ತಮ್ಮನಿಂದ ದೂರ ಸರಿದರು. ಬೈಗುಳ ಎಲ್ಲರಿಗೂ ಬೀಳುತ್ತಿತ್ತು, ಗುಂಡು ಹಾರಿಸಿದವನು ಒಬ್ಬನೇ ಅಲ್ಲವೆ? ಹಿಟ್ಟಿನ ಗಿರಣಿಯಲ್ಲಿ ಅವಳು ಡಬ್ಬಿ ಇಟ್ಟು ನಿಂತರೆ ಯಾರೋ ಒಬ್ಬಳು ಗಟ್ಟಿಯಾಗಿ ಹೇಳಿದಳು:

"ಅವ್ರಿಗೆ ಮೊದ್ಲು ಬೀಸ್ಕೊಡಪ್ಪ. ಇಲ್ದಿದ್ರೆ ನಿನಗೂ ಒಂದು ಹಾಕ್ಯಾರು."

ಗಿರಣಿಯ ಸದ್ದಿನಲ್ಲೂ ಆ ಮಾತಿಗೆ ಎಲ್ಲರೂ ನಕ್ಕದ್ದು ಕೇಳಿಸಿತು. ಮಾಸ್ತಮ್ಮ ಡಬ್ಬಿ ಎತ್ತಿಕೊಂಡು ಬಂದಳು. ಅಂದಿನಿಂದ ಬೀಸುವ ಕಲ್ಲಿನಲ್ಲೇ ಬೀಸಿಕೊಂಡಳು.

ಇಷ್ಟಾದರೂ ಅವಳು ಮುರಿದು ಬಿದ್ದಿರಲಿಲ್ಲ. ಅವಳಿಗೆ ಒಂದು ಆಸರೆಯಿತ್ತು. ಗುಂಡೇಟನ್ನು ಖಂಡಿಸಿ ಮೈದಾನದಲ್ಲಿ ಸೇರಿದ್ದ ಸಭೆಗೆ ಅವಳು ತಲೆಯ ಮೇಲೆ ಸೆರಗು ಹೊದ್ದು ಹೋಗಿ, ಹಿಂದೆ ಬೇವಿನ ಮರದ ಕೆಳಗೆ ನಿಂತು ಕೇಳಿದ್ದಳು. ವಕೀಲ ಉಜ್ಜನಪ್ಪನವರು ಮೈಕಿನಲ್ಲಿ ಗುಡುಗುತ್ತಿದ್ದರು. "ಬಂದೂಕು ಹಿಡಿದ ಕೈ ಬಡವನದು. ಆ ಕೈಯನ್ನು ಬಯ್ಯಬೇಡಿ. 'ಹೊಡಿ' ಎಂದ ಬಾಯಿ ಯಾವುದು, ಅದನ್ನು ಕೇಳಿ!" ಜನ ಚಪ್ಪಾಳೆ ತಟ್ಟಿದರು. ಮಾಸ್ತಮ್ಮನೂ ಸೆರಗಿನೊಳಗೆ, ಯಾರಿಗೂ ಕಾಣದ ಹಾಗೆ, ಎರಡು ಕೈ ಸೇರಿಸಿದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ಊರು ಬಯ್ಯಲಿ, ಬೇಕಾದಷ್ಟು ಬಯ್ಯಲಿ. ಬಯ್ದು ಬಯ್ದು ಕಡೆಗೆ ಸಾಹೇಬರ ಬಾಗಿಲಿಗೆ ಹೋಗಿ ನಿಲ್ಲಲಿ. ಹೇಳಿದವರು ಅವರು. ಇವರು ಹೇಳಿದ್ದು ಮಾಡಿದರು. ಚಾಕರಿ ಅಂದಮೇಲೆ ಮಾಡದೆ ಇರುವುದು ಹೇಗೆ? ಮನೆಯಲ್ಲಿ ಭೂತಪ್ಪ ಉಣ್ಣುತ್ತಿದ್ದುದು, ಮಲಗಿದರೆ ಒಂದಿಷ್ಟು ನಿದ್ದೆ ಮಾಡುತ್ತಿದ್ದುದು ಇದೇ ಮಾತಿನ ಬಲದ ಮೇಲೆ.

ಆ ಮಾತಿಗೆ ಬಿರುಕು ಬಿಟ್ಟದ್ದು ಸಾಹೇಬರ ಹೆಂಡತಿ ಜಗದಾಂಬಾ ಬಂದ ದಿನ. ವಿಚಾರಣೆಗೆ ಶಿವಮೊಗ್ಗಕ್ಕೆ ಬರಬೇಕೆಂದು ನೋಟೀಸು ಬಂದಿತ್ತು. ಮಧ್ಯಾಹ್ನ, ಭೂತಪ್ಪ ಮನೆಯಲ್ಲಿ ಇಲ್ಲದ ಹೊತ್ತು ನೋಡಿ ಆಕೆ ಒಬ್ಬಳೇ ಬಂದಳು. ಮಾಸ್ತಮ್ಮ ಮೊರ ಕೆಳಗಿಟ್ಟು ಎದ್ದು ನಿಂತಳು. ಕೂರಿ ಎನ್ನಲು ಚಾಪೆಯೊಂದೇ ಇತ್ತು. ಆಕೆ ಚಾಪೆಯ ಮೇಲೇ ಕೂತಳು.

"ಮಾಸ್ತಮ್ಮ, ನಾನು ಜೋರು ಮಾಡಕ್ಕೆ ಬಂದಿಲ್ಲಮ್ಮ. ನಮ್ಮ ಮನೆ ಅಂಗಳಕ್ಕೂ ಸಗಣಿ ಎಸೆದು ಹೋಗಿದಾರೆ. ನಮ್ಮ ಹುಡುಗಿ ಕಾಲೇಜಿಗೆ ಹೋಗಲ್ಲ ಅಂತ ಕೂತಿದಾಳೆ."

"ನಮಗೂ ಹಂಗೇ ಅಮ್ಮಾವ್ರೆ."

"ಇವರು ಪೂಜೆಗೆ ಕೂತು ಲಿಂಗ ಅಂಗೈಲಿಟ್ಕೊಂಡು ಅಳ್ತಾರೆ ಕಣಮ್ಮ. ನಾನೇ ಕೇಳಿದೆ, ನೀವು ಹಾಗಂದದ್ದು ಹೌದಾ ಅಂತ. ಲಿಂಗ ಮುಟ್ಟಿ ಹೇಳಿದ್ರು, 'ಹೊಡಿ' ಅಂತ ನಾನು ಅನ್ನಲಿಲ್ಲ, ಜನಕ್ಕೆ 'ಓಡ್ರಿ, ಓಡ್ರಿ' ಅಂತ ಕೂಗ್ದೆ ಅಂತ. ಅಷ್ಟರಲ್ಲಿ ಹಿಂದಿನಿಂದ ಗುಂಡು ಬಂತಂತೆ. ನಿನ್ನ ಗಂಡ ಯಾಕಮ್ಮ ಹೊಡೆದ? ನೀನಾದ್ರೂ ಕೇಳು."

ಆಕೆ ಇನ್ನೂ ಏನೇನೋ ಹೇಳಿದಳು. ತಪ್ಪು ಒಪ್ಪಿಕೊಂಡರೆ ಸಾಹೇಬರು ಕೈಬಿಡುವುದಿಲ್ಲ ಎಂದಳು. ಮಾಸ್ತಮ್ಮನಿಗೆ ಒಂದೂ ಕೇಳಿಸಲಿಲ್ಲ. ಅವಳ ಕಣ್ಣ ಮುಂದೆ ಸಂತೆಯ ಹೋರಿ ದಿಕ್ಕು ತಪ್ಪಿ ಓಡುತ್ತಿತ್ತು.

ಅವಳು ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಕೆಲವು ಪ್ರಶ್ನೆಗಳನ್ನು ಕೇಳದೆ ಬಿಡುವುದೇ ಸಂಸಾರ ಎಂದು ಅವಳ ತಾಯಿ ಹೇಳುತ್ತಿದ್ದಳು. ಆದರೆ ಸಂಜೆ ಮುದ್ದೆ ಬಡಿಸಿ ಎದುರಿಗೆ ಕೂತಾಗ ಪ್ರಶ್ನೆ ತಾನೇ ಹೊರಗೆ ಬಂತು.

"ಅವತ್ತು ಸಾಹೇಬ್ರು ಏನಂದ್ರು?"

"ಎಷ್ಟು ಸಲ ಏಳ್ಲಿ ನಿಂಗೆ? ಒಡ್ರೀ ಅಂದ್ರು. ಎರಡ್ ಸಲ ಅಂದ್ರು."

"ನಿಮ್ಮ ಕಡೆ ತಿರುಗಿ ಅಂದ್ರಾ, ಜನದ ಕಡೆ ನೋಡ್ಕೊಂಡು ಅಂದ್ರಾ?"

ಭೂತಪ್ಪ ಮುದ್ದೆ ಮುರಿಯುತ್ತಿದ್ದವನು ನಿಲ್ಲಿಸಿದ. ಆ ಸಂಜೆಯನ್ನು ಮತ್ತೆ ಕಣ್ಣಿಗೆ ತಂದುಕೊಳ್ಳುವವನ ಹಾಗೆ ಗೋಡೆ ನೋಡಿದ.

"ಜನದ ಕಡೆ. ಅವ್ರ ಬೆನ್ನು ನಮ್ ಕಡೆಗಿತ್ತು..."

ಹೇಳಿ ಮುಗಿಸುವ ಮೊದಲೇ ಅವನಿಗೆ ಹೊಳೆಯಿತು. ಮಾಸ್ತಮ್ಮ ಅದನ್ನು ಕಣ್ಣಾರೆ ನೋಡಿದಳು. ಹೊಡಿ ಎನ್ನುವವನು ತನ್ನವರ ಕಡೆ ತಿರುಗಿ ಹೇಳುತ್ತಾನೆ. ಬೆನ್ನು ಹಾಕಿ ಜನಕ್ಕೆ ಹೇಳುವ ಮಾತು ಬೇರೆ. ಭೂತಪ್ಪನ ಮುಖದಲ್ಲಿ ಏನೋ ಒಂದು, ಇಷ್ಟು ದಿನ ಅವನನ್ನು ನೆಟ್ಟಗೆ ಕೂರಿಸಿದ್ದದ್ದು, ಕುಸಿದು ಹೋಯಿತು. ಅವನು ತಟ್ಟೆಯಲ್ಲೇ ಕೈ ತೊಳೆದ.

"ಓಡ್ರಿ ಅಂದಿದ್ದಾ ಅವ್ರು, ಮಾಸ್ತಿ?"

ಅವಳು ತಟ್ಟೆ ಎತ್ತಿ ಪಕ್ಕಕ್ಕಿಟ್ಟಳು.

"ಏಳೇ. ಓಡ್ರಿ ಅಂದಿರ್ಬೇಕು ಅಲ್ವಾ?"

ಕೇಳಬಾರದಿತ್ತು ಎಂದು ಅವಳಿಗೆ ಅನ್ನಿಸಿದಾಗ ಹೊತ್ತು ಮೀರಿತ್ತು. ಊರವರು ಅವನನ್ನು ಬಯ್ದ ಬೈಗುಳಗಳೆಲ್ಲ ಚರ್ಮದ ಮೇಲೆ ನಿಂತಿದ್ದವು. ಒಳಗೆ ಇಳಿಸಿದವಳು ತಾನು. ಅಂದಿನಿಂದ ಅವನು ಉಣ್ಣುವುದನ್ನೇ ಬಿಟ್ಟ. ಕೂತಲ್ಲೇ ಕೂತು, "ತಪ್ಪು ಕೇಳಿಸ್ತು ಅಂತ ಏಳ್ಬಿಡ್ತೀನಿ ಕಣೇ, ಮುಗೀಲಿ" ಎನ್ನುತ್ತಿದ್ದ.

ಮುಗಿಯುವುದು ಏನು ಎಂದು ಮಾಸ್ತಮ್ಮನಿಗೆ ಗೊತ್ತಿತ್ತು. ಅವಳು ಉಜ್ಜನಪ್ಪ ವಕೀಲರ ಮನೆಯ ಹಿತ್ತಿಲ ಬಾಗಿಲಲ್ಲಿ ನಿಂತು ಕೇಳಿಕೊಂಡು ಬಂದಿದ್ದಳು. ಮೇಲಿನವರ ಹುಕುಂ ಇತ್ತು ಎಂದರೆ ಭೂತಪ್ಪ ಉಳಿಯುತ್ತಾನೆ. ಇರಲಿಲ್ಲ ಎಂದರೆ ಅದು ಅವನೊಬ್ಬನ ಕೈಯ ಕೊಲೆ, ಜೈಲು. "ಅವನು 'ಹೊಡಿ ಅಂದ್ರು' ಅನ್ನಲಿ. ಇಡೀ ಊರು ಅವನ ಬೆನ್ನಿಗೆ ಇರುತ್ತೆ" ಎಂದಿದ್ದರು. ಅವರು ಸುಳ್ಳು ಹೇಳಿಸುತ್ತಿರಲಿಲ್ಲ. ಸಾಹೇಬರು ಹಾಗೇ ಅಂದಿದ್ದಾರೆಂದು ಊರಿನ ಹಾಗೆ ಅವರೂ ನಂಬಿದ್ದರು. ಸಾಹೇಬರ ಮನೆ ಬಿಟ್ಟರೆ ನಿಜ ಗೊತ್ತಿದ್ದದ್ದು ಪೊಲೀಸ್ ಲೈನಿನ ಒಂದು ಕೋಣೆಯೊಳಗಿನ ಎರಡು ಜೀವಕ್ಕೆ.

ಮಾಸ್ತಮ್ಮ ಬೀಸುವ ಕಲ್ಲು ತಿರುಗಿಸುತ್ತ ಮನಸ್ಸಿನಲ್ಲೇ ವಾದ ಮಾಡಿದಳು. ಸಾಹೇಬರು ಹೊಡಿ ಅನ್ನಲಿಲ್ಲ, ಸರಿ. ಆದರೆ ಹಸಿದ ಜನದ ಮುಂದೆ ತುಂಬಿದ ಬಂದೂಕು ತಂದು ನಿಲ್ಲಿಸಿದವರು ಯಾರು? ಇವರ ಕೈಯಲ್ಲಿ ಲಾಠಿ ಇದ್ದಿದ್ದರೆ ತಪ್ಪು ಕೇಳಿಸಿದರೂ ಒಂದು ತಲೆ ಒಡೆಯುತ್ತಿತ್ತು, ಹೊಲಿಗೆ ಹಾಕುತ್ತಿದ್ದರು. ಸಾಹುಕಾರನ ಲಾರಿ ಕಾಯುವುದಕ್ಕೆ ಬಂದೂಕು ಬೇಕಿತ್ತೆ? ಆ ಪ್ರಶ್ನೆಯನ್ನು ಯಾವ ವಿಚಾರಣೆಯಲ್ಲೂ ಯಾರೂ ಕೇಳುವುದಿಲ್ಲ. ಅವರು ಕೇಳುವುದು ಒಂದೇ, ಏನಂದರು? ಹಾಗಿದ್ದರೆ ಅದಕ್ಕೆ ಬೇಕಾದ ಉತ್ತರವನ್ನೇ ಕೊಡೋಣ. ಅವಳಿಗೆ ಇದು ನ್ಯಾಯವೆಂದು ಅನ್ನಿಸಲಿಲ್ಲ. ಆದರೆ ಗಂಡ ಬೇಕಾಗಿತ್ತು.

"ಹೊಡಿ ಅಂದ್ರು ಅನ್ನಿ" ಎಂದಳು. "ಆದ್ರೆ 'ಒಡಿ' ಅನ್ನಬೇಡಿ. ಅಲ್ಲಿ ಓದಿದೋರು ಇರ್ತಾರೆ, ಓಡಿನೋ ಹೊಡಿನೋ ಅಂತ ಹಿಡ್ಕೋತಾರೆ. ಸರಿಯಾಗಿ ಅನ್ನಬೇಕು."

"ನಂಗೆ ಬರಲ್ಲ ಕಣೇ."

"ಬರುತ್ತೆ. ಅಂಗೈ ಬಾಯಿ ಮುಂದೆ ಇಟ್ಕೊಳ್ಳಿ. ಕೈಗೆ ಉಸಿರು ತಗುಲಬೇಕು. ಹೊ... ಹೊಡಿ."

ಆಳೆತ್ತರದ ಗಂಡಸು ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಒಲೆ ಊದುವವನ ಹಾಗೆ ಅಂಗೈಗೆ ಉಸಿರು ಬಿಟ್ಟ. ಹೊ. ಹೊ. ಹೊಡಿ. ಹಿಂದೆ ಇದೇ ಕೋಣೆಯಲ್ಲಿ ಇದೇ ಪಾಠಕ್ಕೆ ಇಬ್ಬರೂ ನಕ್ಕು ಹೊರಳಾಡಿದ್ದರು. ಈಗ ಅವಳು ಅವನ ತಪ್ಪಿಗೆ ಸಿಡುಕಿದಳು, ಮತ್ತೆ ಹೇಳಿಸಿದಳು. ಮನೆಯ ಮಾತೆಲ್ಲ ಹಾಗೇ ಆಡಬೇಕೆಂದಳು. ಹಿಟ್ಟು ಕೇಳಿದರೂ ಹಾಲು ಕೇಳಿದರೂ ಸರಿಯಾಗಿ ಕೇಳಿದರೆ ಮಾತ್ರ ಕೊಟ್ಟಳು.

"ಸತ್ತೋನ ಹೆಸ್ರು ಏನು?" ಎಂದು ಒಂದು ದಿನ ಕೇಳಿದ.

"ಧರ್ಮಪ್ಪ."

"ಅದ್ರಲ್ಲಿ ಆ ಅಕ್ಷರ ಇಲ್ಲ, ಅಲ್ವಾ?"

ಅವಳು ಒಳಗೆ ಎದ್ದು ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅತ್ತು ಬಂದು ಮತ್ತೆ ಪಾಠ ಹೇಳಿದಳು.

ವಿಚಾರಣೆಯ ದಿನ ಇಬ್ಬರೂ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದರು. ದಾರಿಯುದ್ದಕ್ಕೂ ಭೂತಪ್ಪನ ತುಟಿ ಅಲ್ಲಾಡುತ್ತಿತ್ತು. ಪಕ್ಕದವರು ಮಂತ್ರ ಹೇಳಿಕೊಳ್ಳುತ್ತಿದ್ದಾನೆ ಎಂದುಕೊಂಡಿರಬೇಕು. ಕಚೇರಿಯ ಮುಂದೆ ಜನ ಸೇರಿದ್ದರು. ಬಿಳಿ ಅಂಗಿ, ಪಂಚೆಯಲ್ಲಿದ್ದ ಅವನನ್ನು ಯಾರೂ ಗುರುತಿಸಲಿಲ್ಲ. ಜವಾನ ಅವನನ್ನು ಒಳಗೆ ಕರೆದುಕೊಂಡು ಹೋದ. ಮಾಸ್ತಮ್ಮ ಪಕ್ಕದ ಕಿಟಕಿಯ ಕೆಳಗೆ, ಹಿಪ್ಪೆ ಮರದ ಬುಡದ ಕಟ್ಟೆಯ ಮೇಲೆ ಕೂತಳು.

ಸ್ವಲ್ಪ ಹೊತ್ತಿಗೆ ಕಂಕುಳಲ್ಲಿ ಮಗು ಎತ್ತಿಕೊಂಡ ಹೆಂಗಸೊಬ್ಬಳು ಬಂದು ಪಕ್ಕದಲ್ಲಿ ಕೂತಳು. ಚಿಕ್ಕ ವಯಸ್ಸು. ಬಸ್ಸಿನ ಧೂಳು ಮುಖದ ಮೇಲೆ ಹಾಗೇ ಇತ್ತು. ಮಗು ಚೀರುತ್ತಿತ್ತು. ಅವಳು ಗಂಟು ಬಿಚ್ಚಿ ಮಗುವಿನ ಕೈಗೆ ನಾಲ್ಕು ಕಾಳು ಪುರಿ ಹಾಕಿ, ಕೇಳದೆಯೇ ಮಾಸ್ತಮ್ಮನ ಕಡೆಗೂ ಒಂದು ಹಿಡಿ ನೀಡಿದಳು.

"ತಗಳಿ ಅಕ್ಕಾ. ಒಳಗ್ ಯಾವಾಗ್ ಕರೀತಾರೋ ಏನೋ. ಬೆಳಗಿಂದ ಏನೂ ತಿಂದಿಲ್ಲ ಅಲ್ವಾ ನೀವು?"

ಎಷ್ಟೋ ದಿನದಿಂದ ಒಬ್ಬರೂ ಅವಳಿಗೆ ಏನನ್ನೂ ನೀಡಿರಲಿಲ್ಲ. ಮಾಸ್ತಮ್ಮ ಎರಡೂ ಕೈ ಒಡ್ಡಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು.

"ಯಾವೂರಮ್ಮ?"

"ಬದ್ರಾವತೀನೇ. ಒಳೆ ಆಚೆ. ಗೋದಾಮಿನ್ ಗಲಾಟೇಲಿ ಓದ್ರಲ್ಲ, ಅವ್ರು ನಮ್ಮನೇವ್ರು. ನಾನು ಯಲ್ಲಮ್ಮ ಅಂತ."

ಪುರಿ ಮಾಸ್ತಮ್ಮನ ಗಂಟಲಲ್ಲಿ ನಿಂತಿತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಯಲ್ಲಮ್ಮ ತನ್ನಷ್ಟಕ್ಕೆ ಹೇಳುತ್ತಲೇ ಇದ್ದಳು. ಹೇಳಿ ಹೇಳಿ ಸವೆದ ಮಾತಾದರೂ ಹೊಸಬರು ಸಿಕ್ಕರೆ ಮತ್ತೆ ಹೇಳಬೇಕೆನಿಸುವ ದುಃಖ ಅದು.

"ನೋಡ್ದೋರು ಏಳ್ತಾರೆ ಅಕ್ಕಾ, ಸಾಯೇಬ ಕೂಗಿದ್ ತಕ್ಷಣ ಎಲ್ಲಾ ಕಿತ್ಕೊಂಡ್ ಓಡಿದ್ರಂತೆ. ಇವ್ರು ಮಾತ್ರ ತಲೆ ಮ್ಯಾಲೆ ಎರಡೂ ಕೈ ಇಟ್ಕೊಂಡು ಅಲ್ಲೇ ಕುಕ್ಕರಿಸಿದ್ರಂತೆ. ಯಾಕ್ ಓಡ್ಲಿಲ್ಲ ಅಂತೀನಿ ನಾನು. ಒಳ್ಳೇ ಕಾಲಿದ್ವು. ಯಾಕ್ ಓಡ್ಲಿಲ್ಲ?"

ಒಳೆ, ಏಳ್ತಾರೆ, ಸಾಯೇಬ. ಮಾಸ್ತಮ್ಮನಿಗೆ ತಕ್ಷಣ ಅರ್ಥವಾಯಿತು. ಈ ಮನೆಯಲ್ಲೂ ಆ ಅಕ್ಷರ ಇರಲಿಲ್ಲ. ಸಾಹೇಬರು 'ಓಡ್ರಿ' ಎಂದು ಕೂಗಿದ್ದು ಧರ್ಮಪ್ಪನಿಗೂ 'ಒಡ್ರಿ' ಎಂದೇ ಕೇಳಿಸಿತ್ತು. ಲಾಠಿಯ ಏಟು ಬೀಳುತ್ತದೆಂದು ತಲೆ ಕಾಪಾಡಿಕೊಳ್ಳಲು ಕೂತನು. ಕೂತವನ ಮೇಲೆ, ಅದೇ ಮಾತನ್ನು ಹಾಗೆಯೇ ಕೇಳಿಸಿಕೊಂಡ ಇನ್ನೊಬ್ಬ ಗುಂಡು ಹಾರಿಸಿದ. ಓಡು ಎಂದವನ ಭಾಷೆ ಇಬ್ಬರಿಗೂ ತಲುಪಿರಲಿಲ್ಲ. ಈ ಹುಡುಗಿ ಕೇಳುತ್ತಿರುವ ಪ್ರಶ್ನೆಗೆ ಲೋಕದಲ್ಲಿ ಉತ್ತರ ಗೊತ್ತಿರುವುದು ತನಗೊಬ್ಬಳಿಗೆ. ಹೇಳಿದರೆ ಒಳಗೆ ನಿಂತಿರುವ ಗಂಡ ಹೋದ. ಹೇಳದಿದ್ದರೆ ಇವಳು ಸಾಯುವ ತನಕ ಕೇಳುತ್ತಲೇ ಇರುತ್ತಾಳೆ.

ಅಷ್ಟರಲ್ಲಿ ಕಿಟಕಿಯಿಂದ ಭೂತಪ್ಪನ ದನಿ ಬಂತು. ಗಟ್ಟಿಯಾಗಿ, ಅಕ್ಷರ ಅಕ್ಷರ ಬಿಡಿಸಿ, ಪಾಠ ಒಪ್ಪಿಸುವ ದನಿ.

"ಹಲ್ಲಿ... ಹಲ್ಲಿ ಹಕ್ಕಿ ಲಾರಿ ನಿಂತಿತ್ತು ಸ್ವಾಮಿ."

ಮಾಸ್ತಮ್ಮ ಕಣ್ಣು ಮುಚ್ಚಿದಳು. ಬೇಕಾದಲ್ಲಿ ಇಡು ಎಂದು ಕಲಿಸಿದ್ದನ್ನು ಅವನು ಹೆದರಿ ಬೇಡದಲ್ಲೆಲ್ಲ ಇಡುತ್ತಿದ್ದ. ಆಮೇಲೆ ಸಾಹೇಬರ ಪರ ವಕೀಲರ ತಣ್ಣನೆಯ ದನಿ.

"ಹಲ್ಲಿಯೂ ಇತ್ತೇನಪ್ಪಾ? ಹಕ್ಕಿಯೂ ಇತ್ತೇ?"

ಹಾಲ್ ತುಂಬ ನಗು. ಮೇಜು ಕುಟ್ಟಿ ಸುಮ್ಮನಿರಿಸಬೇಕಾಯಿತು. ವಕೀಲರು ಇನ್ನೂ ಮುಗಿಸಿರಲಿಲ್ಲ. "ಸ್ವಾಮಿ, ಈತನ ಬಾಯಲ್ಲಿ ಅಕ್ಕಿ ಹಕ್ಕಿಯಾಗುತ್ತೆ. ಕಿವಿಯಲ್ಲಿ ಓಡಿ ಎಂಬುದು ಹೊಡಿ ಆಗಿರಲಾರದೆ?" ಮತ್ತೆ ನಗು. ಈ ಸಲ ಮೆಚ್ಚಿಕೊಂಡ ನಗು. ಭೂತಪ್ಪ ಏನೋ ಹೇಳಲು ಹೋದ. ಯಾವ ಅಕ್ಷರದಿಂದ ಶುರುಮಾಡಬೇಕೆಂದು ತಿಳಿಯದವನ ಹಾಗೆ ಬರಿಯ ಉಸಿರು ಕೇಳಿಸಿತು.

ಮಗುವನ್ನು ಸುಮ್ಮನಿರಿಸುತ್ತಿದ್ದ ಯಲ್ಲಮ್ಮನಿಗೆ ಮಾತು ಕೇಳಿಸಿರಲಿಲ್ಲ. ನಗು ಕೇಳಿಸಿತು. ಅವಳು ಕಿಟಕಿಯ ಕಡೆ ಕತ್ತೆತ್ತಿದಳು.

"ಯಾಕ್ ನಗ್ತಾವ್ರೆ ಅಕ್ಕಾ?"

ಮಾಸ್ತಮ್ಮ ಗಂಟಲಲ್ಲಿ ನಿಂತಿದ್ದನ್ನು ನುಂಗಿದಳು.

"ಯಾರೋ ಮಾತು ಬರದೋರು ಏನೋ ಅಂದ್ರು ಕಣಮ್ಮ."

"ಇಂಥಾ ಜಾಗ್ದಲ್ಲೂ ನಗ್ತಾರಾ?" ಎಂದಳು ಯಲ್ಲಮ್ಮ. ಅವಳಿಗೆ ಸಿಟ್ಟು ಬಂದ ಹಾಗೆ ಕಾಣಲಿಲ್ಲ. ನಿಜಕ್ಕೂ ಆಶ್ಚರ್ಯಪಟ್ಟಿದ್ದಳು.

ಭೂತಪ್ಪ ಹೊರಗೆ ಬಂದ. ಮೆಟ್ಟಿಲು ಇಳಿಯುವಾಗ ಕಂಬ ಹಿಡಿದುಕೊಂಡ. ಅಂಗಿ ಬೆನ್ನಿಗೆ ಅಂಟಿತ್ತು. ಮರದ ಹತ್ತಿರ ಬಂದು ನಿಂತು ಮಾಸ್ತಮ್ಮನನ್ನು ನೋಡಿದ, ಬಾಯಿ ತೆರೆದ, ಮತ್ತೆ ಮುಚ್ಚಿದ. ಬಸ್ಸು ನಿಲ್ಲುವ ಕಡೆಗೆ ಕೈ ತೋರಿಸಿದ.

ಯಲ್ಲಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವನ ಗುಳಿಬಿದ್ದ ಕಣ್ಣು, ಬಾಗಿದ ಹೆಗಲು. ಮಾಸ್ತಮ್ಮನ ಕಡೆ ಬಾಗಿ ಮೆಲ್ಲಗೆ ಕೇಳಿದಳು.

"ಯಜಮಾನ್ರಾ? ಪಾಪ, ಅವ್ರಿಗೂ ಅವತ್ತು ಏಟು ಬಿದ್ದಿತ್ತಾ ಅಕ್ಕಾ?"

ಮಾಸ್ತಮ್ಮ ಅವಳ ಮುಖ ನೋಡಿದಳು. ಮಗು ಪುರಿ ಮೆತ್ತಿದ ಕೈಯಿಂದ ಮಾಸ್ತಮ್ಮನ ಸೆರಗು ಹಿಡಿದುಕೊಂಡಿತ್ತು.

"ಹೂಂ" ಎಂದಳು.

"ಓಗ್ಲಿ ಬಿಡಿ" ಎಂದಳು ಯಲ್ಲಮ್ಮ, ಮಗುವಿನ ಬೆರಳನ್ನು ಒಂದೊಂದಾಗಿ ಬಿಡಿಸುತ್ತ. "ಬದುಕವ್ರಲ್ವಾ."